ನಾಲ್ಕನೇ ಅಂತಸ್ತಿನ ಮನೆ

ಅರಕಲಗೂಡು
16 ಜೂನ್ 2002

ಮಾನ್ಯ ನಗರಸಭಾ ಸದಸ್ಯೆ ಶ್ರೀಮತಿ ನಂಜಮ್ಮನವರ ಸನ್ನಿಧಾನಕ್ಕೆ,

ಮನವಿ ಏನೆಂದರೆ, ನಾನು ತಮ್ಮ ವಾರ್ಡಿನ ದೊಡ್ಡಬಾವಿ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಈಗ ಮೂರು ವರ್ಷದಿಂದ ವಾರ್ಡಿನ ಹೊರಗಿದ್ದೇನೆ. ನನ್ನ ಕುಂದುಕೊರತೆಗಳನ್ನು ತಾವು ಆಲಿಸಬೇಕು.

ಅವ್ವ, ಹೀಗೆ ಶುರುಮಾಡಿದರೆ ಯಾರಾದರೂ ಒಡೆದು ನೋಡಿದರೂ ಎರಡೇ ಸಾಲಿಗೆ ಬೇಸರ ಬಂದು ಮಡಚಿಡುತ್ತಾರೆ ಎಂದು ಕೇದಾರ್ ಹೇಳಿಕೊಟ್ಟರು. ಮನೆಗೆ ಫೋನ್ ಮಾಡಿದರೆ ಅಪ್ಪನೇ ಎತ್ತುತ್ತಾರೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಮನೆಗೆ ಕಾಗದ ಹಾಕಿದರೆ ಅದೂ ಅಪ್ಪನ ಕೈಗೇ ಹೋಗುತ್ತದೆ. ಅದಕ್ಕೇ ನಗರಸಭೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಲ್ಲಿ, ಚರಂಡಿ, ಬೀದಿ ದೀಪದ ಅರ್ಜಿಗಳ ಜೊತೆ ನಾನೂ ಬಂದು ಸೇರುತ್ತೇನೆ.

ಕೇದಾರ್‌ಗೆ ಹಾಸನದ ಹೈಸ್ಕೂಲಿಗೆ ವರ್ಗವಾಗಿದೆ. ದಿನಾ ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುತ್ತಾರೆ. ನನಗೂ ಅಲ್ಲಿನ ಯಾವುದಾದರೂ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಗಬಹುದು, ಆದರೆ ಮೊದಲು ಮನೆ ಸಿಗಬೇಕಲ್ಲ. ಭಾನುವಾರ ಬಂದರೆ ಮಗು ಗೌರಿಯನ್ನು ಎತ್ತಿಕೊಂಡು ಹಾಸನದ ಬೀದಿ ಬೀದಿ ಸುತ್ತುತ್ತೇವೆ. 'ಯಾವ ಕಡೆಯೋರು ನೀವು?' ಅಂತಾರೆ. ಇವರು 'ಹೊಳೆನರಸೀಪುರ' ಅಂತಾರೆ. 'ಅದಲ್ಲ ಸಾ, ಯಾವ ಜನ ಅಂತ ಕೇಳಿದ್ದು' ಅಂತಾರೆ. ಇವರು ಹೇಳುತ್ತಾರೆ. ಮುಖ ಅರಳುತ್ತದೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. ನಾನು ಗೌಡರ ಮನೆಯವಳು ಅಂದೊಡನೆ ಆ ಮನೆಗೆ ಅವತ್ತು ಬೆಳಿಗ್ಗೆಯಷ್ಟೇ ಯಾರೋ ಬಂದು ಒಪ್ಪಿಕೊಂಡು ಹೋಗಿರುತ್ತಾರೆ.

ನಮ್ಮ ಜನರ ಬೀದಿಗೆ ಹೋದರೆ ಇನ್ನೂ ಮರ್ಯಾದೆಯಿಂದ ಕಳಿಸುತ್ತಾರೆ. 'ಸಾಮಿ, ನೀವು ಐನೋರು. ನಮ್ಮನೇಲಿ ಭಾನ್ವಾರ ಆದ್ರೆ ಮಸಾಲೆ ಅರೀತೀವಿ. ನಿಮ್ಗ್ಯಾಕೆ ಆ ಕಷ್ಟ' ಅಂದು ಕಾಫಿ ಕೊಟ್ಟು ಗೇಟಿನ ತನಕ ಬಿಟ್ಟು ಹೋಗುತ್ತಾರೆ.

ಇಲ್ಲಿನ ಮನೆಯೂ ಕೈಬಿಟ್ಟ ಹಾಗೆಯೇ. ಗೌರಿ ಸೊರಗಿದ್ದಾಳೆ, ಮೊಟ್ಟೆ ಕೊಡಿ ಅಂದರು ಡಾಕ್ಟರು. ಬಾಗಿಲು ಹಾಕಿಕೊಂಡು ಬೇಯಿಸಿ ಕೊಡುತ್ತಿದ್ದೆ. ಸಿಪ್ಪೆ ಪುಡಿಮಾಡಿ ಗುಲಾಬಿ ಗಿಡದ ಬುಡಕ್ಕೆ ಹಾಕಿದರೆ ಹೂವು ದೊಡ್ಡದಾಗುತ್ತದೆ ಅಂತ ನೀನು ಹೇಳಿಕೊಟ್ಟಿದ್ದೆಯಲ್ಲ, ಕೈ ತನ್ನಷ್ಟಕ್ಕೆ ಹಾಗೇ ಮಾಡಿತು. ಮನೆಯ ಓನರಮ್ಮ ಪೂಜೆಗೆ ಹೂವು ಬಿಡಿಸಲು ಬಂದವರು ಬುಡ ನೋಡಿದರು. ಹೂವು ಮುಟ್ಟದೆ ಹೋದರು. ಸಂಜೆ ಬಂದು, 'ಬೇಜಾರು ಮಾಡ್ಕೋಬೇಡಮ್ಮ, ಸಂಕ್ರಾಂತಿವರೆಗೂ ಇರಿ, ಆಮೇಲೆ ಬೇರೆ ನೋಡ್ಕೊಳ್ಳಿ' ಅಂದರು. ಒಳ್ಳೆಯವರೇ. ಅದೇ ನನಗೆ ಅಳು ತರಿಸಿದ್ದು.

ಗೌರಿ ನಿನ್ನ ಫೋಟೋ ನೋಡಿ 'ಅಜ್ಜಿ' ಅನ್ನುತ್ತಾಳೆ. ಕ್ಯಾಲೆಂಡರಿನ ಸರಸ್ವತಿಗೂ ಹಾಗೇ ಅನ್ನುತ್ತಾಳೆ, ಹೆಚ್ಚು ಹಿಗ್ಗಬೇಡ.

ಇಂತಿ ತಮ್ಮ ಮನವಿದಾರಳು,
ನಿಸರ್ಗ


ಹಾಸನ
9 ಜುಲೈ 2002

ನನ್ನ ಮಗಳು ನಿಸರ್ಗಳಿಗೆ, ಅಳಿಯಂದಿರಿಗೆ, ಸರಸ್ವತಿಯ ಮೊಮ್ಮಗಳಿಗೆ ಅವ್ವನ ಆಶೀರ್ವಾದ.

ನಮ್ಮ ಆಫೀಸಿನ ಜವಾನ ಚಿಕ್ಕಯ್ಯ ನಿನ್ನ ಕಾಗದ ತಂದು, 'ಅಕ್ಕೋರೇ, ಅರ್ಜಿ ಹಾಕೋರು ಸ್ಟಾಂಪು ನೆಟ್ಟಗೆ ಅಂಟುಸ್ತಾರೆ, ಇದ್ರಲ್ಲಿ ಒಸಿ ವಾರೆಯಾಗೈತೆ, ಮನೆಯೋರ್ದೇ ಇರ್ಬೇಕು' ಅಂದು ಕೊಟ್ಟ. ಬೀದಿ ದೀಪದ ಅರ್ಜಿಯ ಕೆಳಗಿಟ್ಟುಕೊಂಡು ಓದಿದೆ. ಪಕ್ಕದ ಮೆಂಬರು, 'ಏನ್ ನಂಜಮ್ಮೋರೆ, ದೀಪ ಹೋದದ್ದಕ್ಕೆ ಕಣ್ಣೀರು ಹಾಕ್ತಾ ಇದೀರಿ' ಅಂದರು. ಸಿಪ್ಪೆ ಹಾಕು ಅಂತ ಹೇಳಿದವಳು ನಾನೇ ಹೌದು. ಯಾರ ಮನೆಯ ಗಿಡ ಅಂತ ನೋಡಿ ಹಾಕು ಅಂತ ಹೇಳಿಕೊಡಲಿಲ್ಲ. ನಮ್ಮ ಹಟ್ಟಿಯಲ್ಲಿ ಅದನ್ನು ಕಲಿಯುವ ಸಂದರ್ಭ ನನಗೂ ಬಂದಿರಲಿಲ್ಲ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಆಲೂಗೆಡ್ಡೆ ಮಂಡಿ, ಸಂಜೆ ಕೌನ್ಸಿಲರಿಕೆ. ಸೀಟು ಹೆಂಗಸರಿಗೆ ಅಂತ ಸರ್ಕಾರ ಹೇಳಿತು, ಗೆದ್ದವಳು ನಾನು, ಜನ 'ಕೌನ್ಸಿಲರ್ ಸಾ' ಅನ್ನುವುದು ಅವರನ್ನು. ಸಭೆಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರೆ ನಾನು ಕೈ ಎತ್ತಬೇಕು, ಟವೆಲ್ ಹೆಗಲ ಮೇಲೇ ಇದ್ದರೆ ಸುಮ್ಮನಿರಬೇಕು. ಮೊದಮೊದಲು ನನಗೂ ಅದು ಸಲೀಸಾಗಿತ್ತು. ಹೋದ ಬೇಸಿಗೆಯಲ್ಲಿ ಒಂದು ದಿನ ನಿಜವಾಗಿಯೇ ಬೆವರಿ ಒರೆಸಿಕೊಂಡುಬಿಟ್ಟರು. ಕಸಾಯಿಖಾನೆ ರಸ್ತೆಯ ಟೆಂಡರಿಗೆ ನಾನೊಬ್ಬಳೇ ಕೈ ಎತ್ತಿ ಕೂತಿದ್ದೆ.

ಈಗ ವಾರ್ಡಿನಲ್ಲಿ ಒಂದು ದೊಡ್ಡ ಗಲಾಟೆ. ನಮ್ಮ ಬೀದಿಯ ಮೂಡಲ ತುದಿಯಲ್ಲಿ ಮುಚ್ಚಿದ ಎಣ್ಣೆ ಮಿಲ್ಲು ಇತ್ತಲ್ಲ, ಆ ಜಾಗದಲ್ಲಿ ಕಂಟ್ರಾಕ್ಟರ್ ದೇವಯ್ಯ ಐದು ಅಂತಸ್ತಿನ ಅಪಾರ್ಟ್‌ಮೆಂಟು ಕಟ್ಟುತ್ತಾನಂತೆ. ಊರ ನಡುವೆ ಅಷ್ಟೆತ್ತರದ್ದು ನಮ್ಮ ಕಡೆ ಇದೇ ಮೊದಲು. ನಕ್ಷೆ ನಗರಸಭೆಗೆ ಬಂದಿದೆ. ಆಕ್ಷೇಪಣೆ ಇದ್ದವರು ಹೇಳಬಹುದು ಅಂತ ನೋಟೀಸು ಅಂಟಿಸಿದ್ದಾರೆ. ಬೀದಿಯವರೆಲ್ಲ ಮೊನ್ನೆ ನಮ್ಮ ಜಗಲಿಯಲ್ಲಿ ಸೇರಿದ್ದರು.

ಪಕ್ಕದ ದಾಕ್ಷಾಯಣಮ್ಮ ಗೊತ್ತಲ್ಲ, ಸಂಡಿಗೆ ದಾಕ್ಷಾಯಣಮ್ಮ. ಗಂಡ ಹೋದಮೇಲೆ ಮದುವೆ ಮನೆಗಳಿಗೆ ಹಪ್ಪಳ ಸಂಡಿಗೆ ಮಾಡಿಕೊಟ್ಟೇ ಬದುಕಿದವರು. ಅವರೇ ಎದ್ದು ನಿಮ್ಮಪ್ಪನ ಕಡೆ ತಿರುಗಿ ಮಾತಾಡಿದರು. 'ಐದು ಅಂತಸ್ತು ಎದ್ದರೆ ನಮ್ಮ ತಾರಸಿಗೆ ಬಿಸಿಲೇ ಬೀಳಲ್ಲ ರಾಮಣ್ಣನೋರೇ. ನಾನು ಸಂಡಿಗೆನ ಎಲ್ಲಿ ಒಣಗಿಸ್ಲಿ, ತಲೆ ಮೇಲಾ?' ಅಂದರು. ಎಲ್ಲರೂ ನಕ್ಕರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. 'ಅದೂ ಅಲ್ಲದೆ ಯಾರ್ಯಾರೋ ಬಂದು ಸೇರ್ಕೋತಾರೆ. ಇಷ್ಟು ದಿನ ಯಾವ ಜನ ಅಂತ ಕೇಳಿ ಮನೆ ಕೊಡ್ತಿದ್ವಿ. ಅಲ್ಲಿ ಕೇಳೋರ್ಯಾರು?' ಅಂದರು. ನಿಮ್ಮಪ್ಪ, 'ಅದ್ಕೆಲ್ಲ ಅವಕಾಸ ಕೊಡಾಕಿಲ್ಲ ಬುಡಿ' ಅಂದರು.

ನಾನು ಆಗ ಕಾಫಿ ಲೋಟ ಹಂಚುತ್ತಿದ್ದೆ. ನೀನು ಮಗು ಎತ್ತಿಕೊಂಡು ಯಾರದೋ ಗೇಟಿನ ಮುಂದೆ ನಿಂತದ್ದು ಕಣ್ಣಿಗೆ ಬಂತು. ಹಂಚುವುದನ್ನು ಮುಗಿಸಿ ಒಳಗೆ ಹೋದೆ.

ಮಗುವಿಗೆ ಮೊಟ್ಟೆ ನಿಲ್ಲಿಸಬೇಡ. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಬಸ್‌ಸ್ಟ್ಯಾಂಡಿನ ತೊಟ್ಟಿಗೆ ಹಾಕಲು ಅಳಿಯಂದಿರಿಗೆ ಹೇಳು. ಮೇಷ್ಟ್ರ ಚೀಲವನ್ನು ಯಾರೂ ನೋಡುವುದಿಲ್ಲ.

ನಿನ್ನ ಅವ್ವ,
ನಂಜಮ್ಮ


ಅರಕಲಗೂಡು
25 ಆಗಸ್ಟ್ 2002

ಅವ್ವನಿಗೆ ನಮಸ್ಕಾರ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದು ಹರಿದೆ, ಮತ್ತೆ ಬರೆದೆ. ಈಗ ನೇರವಾಗಿ ಹೇಳಿಬಿಡುತ್ತೇನೆ. ನೀನು ಹೇಳಿದ ಆ ಅಪಾರ್ಟ್‌ಮೆಂಟಿನಲ್ಲಿ ನಾವೂ ಒಂದು ಮನೆಗೆ ಹೆಸರು ಬರೆಸಿದ್ದೇವೆ. ನಿನ್ನ ಕಾಗದ ಬರುವ ಮೊದಲೇ ಬರೆಸಿದ್ದು. ಅನುಮತಿ ಸಿಕ್ಕಮೇಲೆ, ಎಲ್ಲ ಖಚಿತವಾದ ಮೇಲೆ ನಿನಗೆ ಹೇಳಿ ಬೆಚ್ಚಿಬೀಳಿಸೋಣ ಅಂತಿದ್ದೆ.

ಕೆಳಗಿನ ಮೂರು ಅಂತಸ್ತಿನ ಮನೆಗಳಿಗೆ ಆಗಲೇ ಜನ ಹೆಸರು ಕೊಟ್ಟಾಗಿತ್ತು. ನಮಗೆ ಸಿಕ್ಕಿದ್ದು ನಾಲ್ಕನೇ ಅಂತಸ್ತು, ಮೂಲೆಯ ಮನೆ. ದೇವಯ್ಯನವರ ಆಫೀಸಿನಲ್ಲಿ ಕೂತಿದ್ದಾಗ ನಾನು ಕಾಯುತ್ತಲೇ ಇದ್ದೆ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಅಂತ. ಅವರು ಕೇಳಿದ್ದು ಒಂದೇ. 'ನಾಕ್ನೇ ಅಂತಸ್ತು, ಮಗು ಐತೆ, ಕಿಟಕಿಗೆ ಗ್ರಿಲ್ ಹಾಕ್ಸ್‌ಲಾ?' ಅಂದರು. ಹೊರಗೆ ಬಂದು ರಸ್ತೆಯಲ್ಲಿ ನಾನೂ ಕೇದಾರ್‌ರೂ ಸುಮ್ಮಸುಮ್ಮನೆ ನಗುತ್ತಾ ನಿಂತೆವು.

ಆ ಮೂಲೆಯ ಕಿಟಕಿಯಿಂದ ದೊಡ್ಡಬಾವಿ ಬೀದಿ ಉದ್ದಕ್ಕೂ ಕಾಣುತ್ತದಂತೆ. ಬೆಳಿಗ್ಗೆ ನೀನು ರಂಗೋಲಿ ಹಾಕುವುದನ್ನು ನಾನು ಮೇಲಿಂದ ನೋಡಬಹುದು. ಅಪ್ಪ ಮಂಡಿಗೆ ಹೋದಮೇಲೆ ನೀನು ಸಾರು ತೆಗೆದುಕೊಂಡು ಬರಬಹುದು. ಕಟ್ಟಿ ಮುಗಿಯಲು ಎರಡು ವರ್ಷವಾದರೂ ಆಗಲಿ. ಅಲ್ಲಿಯವರೆಗೆ ಎಲ್ಲಾದರೂ ಇರುತ್ತೇವೆ. ಹೋಗಬೇಕಾದ ಜಾಗ ಒಂದಿದೆ ಅಂತ ಗೊತ್ತಿದ್ದರೆ ಕಾಯುವುದು ಕಷ್ಟವಲ್ಲ.

ದಾಕ್ಷಾಯಣಮ್ಮ 'ಅಲ್ಲಿ ಕೇಳೋರ್ಯಾರು' ಅಂದರಂತಲ್ಲ. ಅವರಿಗೆ ಅದು ಭಯ. ನನಗೆ ಅದಕ್ಕೋಸ್ಕರವೇ ಆ ಮನೆ ಬೇಕು.

ನೀನು ಕೈ ಎತ್ತಬೇಕೆಂದು ನಾನು ಕೇಳುವುದಿಲ್ಲ ಅಂತ ಬರೆಯಬೇಕೆಂದಿದ್ದೆ. ಅದು ಸುಳ್ಳಾಗುತ್ತದೆ. ಕೇಳುತ್ತಿದ್ದೇನೆ ಅವ್ವ. ಈ ಒಂದು ಸಲ ಟವೆಲ್ ನೋಡಬೇಡ.

ನಿಸರ್ಗ


ಹಾಸನ
3 ಅಕ್ಟೋಬರ್ 2002

ನಿಸರ್ಗಳಿಗೆ ಆಶೀರ್ವಾದ.

ಒಂದು ತಿಂಗಳು ಬರೆಯಲಿಲ್ಲ. ಕೋಪ ಅಂದುಕೊಂಡಿರುತ್ತೀಯ. ಕೋಪವಲ್ಲ. ಏನು ಬರೆದರೂ ಅರ್ಧ ಸುಳ್ಳಾಗುತ್ತಿತ್ತು.

ಗೌರಿ ಹಬ್ಬಕ್ಕೆ ಈ ವರ್ಷವೂ ನಿನ್ನ ಹೆಸರಿನಲ್ಲಿ ಮೊರದ ಬಾಗಿನ ತುಂಬಿದೆ. ಬಳೆ, ಕನ್ನಡಿ, ರವಿಕೆ ಬಟ್ಟೆ, ಬೆಲ್ಲ, ಬೇಳೆ ಎಲ್ಲ ಇಟ್ಟು ಇನ್ನೊಂದು ಮೊರ ಮುಚ್ಚಿದೆ. ತೆಗೆದುಕೊಂಡು ಹೋಗಿ ಕೊಡುವವರಿಲ್ಲ. ನಿಮ್ಮಪ್ಪ ನೋಡಿದರು, ಯಾರಿಗೆ ಅಂತ ಕೇಳಲಿಲ್ಲ. ದಾಟಿಕೊಂಡು ಹೋದರು. ಅದು ಇನ್ನೂ ದೇವರ ಮನೆಯಲ್ಲೇ ಇದೆ.

ನಿನ್ನ ಕಾಗದ ಓದಿದ ದಿನ ನಾನೂ ಹಿಗ್ಗಿದೆ ಕಣೆ. ಬೀದಿಯ ತುದಿಗೆ ಹೋಗಿ ಆ ಮಿಲ್ಲಿನ ಮೇಲೆ ಆಕಾಶದಲ್ಲಿ ನಾಲ್ಕನೇ ಅಂತಸ್ತು ಎಲ್ಲಿಗೆ ಬರುತ್ತದೆ ಅಂತ ನೋಡಿಕೊಂಡು ನಿಂತಿದ್ದೆ. ಸೊಪ್ಪಿನವಳು ವಿಮಾನ ಬಂತಾ ಅಂದಳು. ಹೌದು ಅಂದೆ.

ಆಮೇಲೆ ದಾಕ್ಷಾಯಣಮ್ಮನ ತಾರಸಿಗೆ ಹತ್ತಿದೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಅವರ ತಾರಸಿ ನೋಡಿರಲಿಲ್ಲ. ಒಂದು ಕಡೆ ಬೂದುಗುಂಬಳದ ಸಂಡಿಗೆ, ಒಂದು ಕಡೆ ಅರಳು ಸಂಡಿಗೆ, ನಡುವೆ ಕಾಗೆ ಓಡಿಸಲು ಕೊಡೆ ಹಿಡಿದು ಅವರು. ಎಳೆ ಬಿಸಿಲಲ್ಲಿ ಇಟ್ಟರೆ ಸಂಡಿಗೆ ಬೆಳ್ಳಗಿರುತ್ತದಂತೆ. ಬರೀ ಮಧ್ಯಾಹ್ನದ ಬಿಸಿಲಿಗೆ ಬಿದ್ದರೆ ಮೇಲೆ ಒಣಗಿ ಒಳಗೆ ಹುಳಿ ಬರುತ್ತದಂತೆ. 'ನನ್ನ ಕೈಯಲ್ಲಿ ಇನ್ನೇನಿದೆ ನಂಜಮ್ಮ' ಅಂದರು. ಬೇಕಾದ್ದನ್ನೆಲ್ಲ ಮಾತಾಡುವ ಹೆಂಗಸು, ಆ ಮಾತನ್ನು ಮಾತ್ರ ಮೆಲ್ಲಗೆ ಅಂದರು. ಇವರ ಮೇಲೆ ಸಿಟ್ಟು ಇಟ್ಟುಕೊಂಡೇ ಮೇಲೆ ಹತ್ತಿದ್ದೆ. ಇಳಿಯುವಾಗ ಅದು ಎಲ್ಲಿ ಬಿದ್ದು ಹೋಯಿತೋ.

ನನಗೆ ಎರಡೂ ಬೇಕಾಗಿದೆ, ನೀನೂ ಬರಬೇಕು, ಅವರ ಬಿಸಿಲೂ ಉಳಿಯಬೇಕು. ನಿಮ್ಮಪ್ಪನನ್ನು ಕೇಳಿದರೆ ಕಟ್ಟಡವೇ ಬೇಡ, ಬೀದಿಯ ಓಟು ಮುಖ್ಯ ಅಂತಾರೆ. ದೇವಯ್ಯನನ್ನು ಕೇಳಿದರೆ ಬಿಸಿಲಿಗೆ ಏನೂ ಆಗಲ್ಲ ಅಂತಾನೆ. ಇಬ್ಬರನ್ನೂ ನಂಬಲಾರೆ.

ಅಳಿಯಂದಿರು ವಿಜ್ಞಾನದ ಮೇಷ್ಟ್ರಲ್ಲವೆ. ಐದು ಅಂತಸ್ತಿನ ನೆರಳು ಪುಷ್ಯ, ಮಾಘ ಮಾಸದಲ್ಲಿ ಎಷ್ಟು ಹೊತ್ತಿನವರೆಗೆ ಆ ತಾರಸಿಯ ಮೇಲೆ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ತಿಳಿಸಲಿ. ನಕ್ಷೆಯ ಅಳತೆಗಳನ್ನು ಇದರ ಹಿಂದೆ ಬರೆದಿದ್ದೇನೆ. ನಾನು ಕೇಳಿದೆ ಅಂತ ಕೇಳು. ಮೂರು ವರ್ಷದಲ್ಲಿ ಅವರನ್ನು ನಾನು ಏನೂ ಕೇಳಿಲ್ಲ, ಕೊಟ್ಟೂ ಇಲ್ಲ.

ನಿನ್ನ ಅವ್ವ


ಅರಕಲಗೂಡು
27 ಅಕ್ಟೋಬರ್ 2002

ಅವ್ವನಿಗೆ,

ಲೆಕ್ಕ ಆಗಿದೆ. ನಿನ್ನ ಕಾಗದ ತೋರಿಸಿದಾಗ ಕೇದಾರ್ ಅದನ್ನು ಎರಡು ಸಲ ಓದಿದರು. 'ಅತ್ತೆ ನನ್ನನ್ನ ಕೇಳಿದಾರಾ?' ಅಂದರು. ಪರೀಕ್ಷೆಗೆ ಕೂರುವ ಹುಡುಗರ ಹಾಗೆ ಮುಖ ತೊಳೆದುಕೊಂಡು ಬಂದು ಕೂತರು.

ಭಾನುವಾರ ಹಾಸನಕ್ಕೆ ಹೋಗಿ ಮಿಲ್ಲಿನ ಜಾಗದ ಮುಂದೆ ಕೋಲು ನೆಟ್ಟು ನೆರಳು ಅಳೆದುಕೊಂಡು ಬಂದರು. ನಿನ್ನ ಮನೆಯ ಮುಂದೆಯೇ ಹಾದು ಹೋದರಂತೆ. ನೀನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆಯಂತೆ. ಮಾತಾಡಿಸುವ ಧೈರ್ಯವಾಗಲಿಲ್ಲ ಅಂದರು.

ಅವರು ಹೇಳುವುದಿಷ್ಟು. ಐದು ಅಂತಸ್ತಾದರೆ ಚಳಿಗಾಲದಲ್ಲಿ ದಾಕ್ಷಾಯಣಮ್ಮನ ತಾರಸಿಗೆ ನಡುಹಗಲಾಗುವ ತನಕ ಬಿಸಿಲು ಬರುವುದಿಲ್ಲ. ನಾಲ್ಕಾದರೂ ಹೆಚ್ಚು ವ್ಯತ್ಯಾಸವಿಲ್ಲ. ಮೂರಕ್ಕೆ ನಿಲ್ಲಿಸಿ, ಪಡುವಲ ಗೋಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ, ತಿಂಡಿ ತಿಂದು ಏಳುವ ಹೊತ್ತಿಗೆ ಬಿಸಿಲು ಬಿದ್ದಿರುತ್ತದೆ. ಸಂಡಿಗೆಗೆ ಅಷ್ಟು ಸಾಕು.

ಮೂರು ಅಂತ ಬರೆದು ಅದರ ಕೆಳಗೆ ಗೆರೆ ಎಳೆದರು. ನಾನು ನೋಡುತ್ತಾ ಕೂತಿದ್ದೆ. ನಾಲ್ಕು ಅಂತ ಬರೆದುಬಿಡಿ, ಯಾರಿಗೆ ಗೊತ್ತಾಗುತ್ತದೆ ಅಂತ ಬಾಯಿಗೆ ಬಂದಿತ್ತು. ಅವರು ನನ್ನ ಮುಖ ನೋಡಿ, 'ನಿಮ್ಮಮ್ಮ ನನ್ನ ಹತ್ರ ಮೊದಲ್ನೇ ಸಲ ಏನೋ ಕೇಳಿದಾರೆ ಕಣೇ. ಅದಕ್ಕೆ ತಪ್ಪು ಉತ್ತರ ಬರ್ದು ಕೊಡ್ಲಾ?' ಅಂದರು. ಗೌರಿ ಆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದಾಳೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡ.

ನಾನು ಈ ಮೊದಲು ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಮತ್ತೆ ಕೇಳುವುದೂ ಇಲ್ಲ.

ನಿಸರ್ಗ


ಹಾಸನ
20 ನವೆಂಬರ್ 2002

ನಿಸರ್ಗ,

ನಿನ್ನೆ ಸಭೆ ನಡೆಯಿತು. ಪೇಪರಿನಲ್ಲಿ ಓದುವ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ.

ಬೆಳಿಗ್ಗೆ ನಿಮ್ಮಪ್ಪ ಬೂಟು ಹಾಕಿಕೊಳ್ಳುತ್ತಾ, 'ಇವತ್ತು ಟವೆಲ್ ತೆಗೆಯಾಕಿಲ್ಲ. ಸುಮ್ಕೆ ಕೂತ್ಕೋ' ಅಂದರು. ಹೂಂ ಅಂದೆ. ಹಾಲ್ ತುಂಬಿತ್ತು. ನಮ್ಮ ಬೀದಿಯವರೆಲ್ಲ ಹಿಂದೆ ಕೂತಿದ್ದರು, ದಾಕ್ಷಾಯಣಮ್ಮ ಮುಂದಿನ ಸಾಲಿಗೇ ಬಂದಿದ್ದರು. ಅಧ್ಯಕ್ಷರು ವಿಷಯ ಓದಿ, ಪರವಾಗಿರುವವರು ಕೈ ಎತ್ತಿ ಅನ್ನುವುದಕ್ಕೆ ಮೊದಲೇ ನಾನು ಎದ್ದು ನಿಂತೆ. ಮೂರು ವರ್ಷದಲ್ಲಿ ನಾನು ಆ ಹಾಲಿನಲ್ಲಿ ಎದ್ದು ಮಾತಾಡಿದ್ದೇ ಇಲ್ಲ. ಅಧ್ಯಕ್ಷರು ನಾನು ಹೊರಗೆ ಹೋಗಲು ಎದ್ದೆ ಅಂದುಕೊಂಡು ತಲೆ ಆಡಿಸಿದರು.

'ಸಾ, ನಾನು ಒಸಿ ಮಾತಾಡ್ಬೇಕು' ಅಂದೆ. ಮನೆಯಲ್ಲಿ ಒಳ್ಳೆಯ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಹಾರಿಹೋಯಿತು. ನನಗೆ ಬಂದ ಹಾಗೇ ಹೇಳಿದೆ.

'ಈ ಕಟ್ಟಡ್ದಾಗೆ ನಾಕ್ನೇ ಅಂತಸ್ತಲ್ಲಿ ನನ್ ಮಗ್ಳು ಒಂದು ಮನೆಗೆ ಹೆಸ್ರು ಬರ್ಸವ್ಳೆ. ಅದ್ಕೇ ನಾನು ಕೈ ಎತ್ತಾಕಿಲ್ಲ. ಪರವಾಗೂ ಎತ್ತಾಕಿಲ್ಲ, ವಿರೋಧವಾಗೂ ಎತ್ತಾಕಿಲ್ಲ. ಆದ್ರೆ ವಾರ್ಡ್‌ನೋಳಾಗಿ ಹೇಳೋದು ಹೇಳ್ತೀನಿ. ಮೂರು ಅಂತಸ್ತಿಗೆ ನಿಲ್ಸಿ, ಪಡುವಲ ಗ್ವಾಡೆ ಹಿಂದಕ್ ಸರ್ಸಿದ್ರೆ ದಾಕ್ಷಾಯಣಮ್ಮೋರ ತಾರಸಿಗೆ ಬೆಳಗಿನ ಬಿಸ್ಲು ಬೀಳ್ತದೆ. ಲೆಕ್ಕ ಇಲ್ಲೈತೆ. ಈ ಲೆಕ್ಕ ಮಾಡ್ಕೊಟ್ಟೋನು ನನ್ನಳಿಯ. ಇದ್ರಿಂದ ಅವ್ನ ಮನೇನೇ ಹೋಗ್ತದೆ ಅಂತ ಗೊತ್ತಿದ್ದೂ ಮಾಡ್ಕೊಟ್ಟವ್ನೆ.'

ಕುಳಿತುಕೊಳ್ಳಬಹುದಿತ್ತು. ಆದರೂ ಕೂರಲಿಲ್ಲ. 'ಇನ್ನೊಂದ್ ಮಾತು. ಯಾರ್ಯಾರೋ ಬಂದು ಸೇರ್ಕೋತಾರೆ ಅಂತ ನಮ್ ಬೀದಿಯೋರು ಅಂದ್ರು. ಆ ಯಾರ್ಯಾರೋ ಅನ್ನೋರಾಗೆ ನನ್ ಮಗ್ಳೂ ಒಬ್ಳು. ಬಿಸ್ಲಿಗೆ ಬೇಕಾದ್ರೆ ಕಟ್ಟಡ ಇಳ್ಸಿ. ಅವ್ಳು ಬತ್ತಾಳೆ ಅಂತ ಇಳಿಸ್ಬ್ಯಾಡಿ' ಅಂದು ಕೂತೆ.

ಹಿಂದಿನ ಬೆಂಚಿನ ಕಡೆ ನಾನು ತಿರುಗಿ ನೋಡಲಿಲ್ಲ. ಟವೆಲ್ ಎಲ್ಲಿತ್ತೋ ನನಗೆ ಗೊತ್ತಿಲ್ಲ.

ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಮೂರು ಅಂತಸ್ತಿಗೆ ಅನುಮತಿ, ಗೋಡೆ ಹಿಂದಕ್ಕೆ, ಅಂತ ಬಹುಮತದಿಂದ ತೀರ್ಮಾನವಾಯಿತು. ದೇವಯ್ಯ ಗೊಣಗಿ ಒಪ್ಪಿಕೊಂಡ. ನಿನ್ನ ಮನೆ ಹೋಯಿತು ಮಗಳೆ. ನಾನೇ ಕಳೆದೆ. ಇದನ್ನು ಬರೆಯುವಾಗ ಅಳು ಬರುತ್ತಿದೆ, ಆದರೆ ಬೇರೆ ಥರ ಮಾಡಬೇಕಿತ್ತು ಅಂತ ಅನ್ನಿಸುತ್ತಿಲ್ಲ. ಎರಡೂ ನಿಜ.

ನಿಮ್ಮಪ್ಪ ಸಭೆಯಿಂದ ಒಬ್ಬರೇ ಮನೆಗೆ ಹೋಗಿದ್ದರು. ನಾನು ಹೋದಾಗ ಊಟ ಮಾಡಿ ಮಲಗಿದ್ದರು. ತಟ್ಟೆ ಅವರೇ ತೊಳೆದಿಟ್ಟಿದ್ದರು. ಮದುವೆಯಾದಾಗಿನಿಂದ ಅವರು ತಟ್ಟೆ ತೊಳೆದದ್ದು ನಾನು ನೋಡಿರಲಿಲ್ಲ.

ಅವ್ವ


ಅರಕಲಗೂಡು
1 ಡಿಸೆಂಬರ್ 2002

ಅವ್ವ,

ಸುದ್ದಿ ನಮಗೆ ಮೊದಲು ಹೇಳಿದ್ದು ದೇವಯ್ಯನವರು. ನಿನ್ನ ಕಾಗದ ಮಾರನೆಯ ದಿನ ಬಂತು. ಒಂದು ರಾತ್ರಿ ನಿನ್ನ ಮೇಲೆ ಸಿಟ್ಟಾಗಿದ್ದೆ, ಸುಳ್ಳು ಹೇಳುವುದಿಲ್ಲ. ಗ್ರಿಲ್ ಹಾಕಿಸಬೇಕಿದ್ದ ಆ ಕಿಟಕಿಗೆ ನಾನು ಮನಸ್ಸಿನಲ್ಲಿ ಪರದೆಯನ್ನೂ ಹೊಲಿದಾಗಿತ್ತು.

ಆಮೇಲೆ ನಿನ್ನ ಕಾಗದವನ್ನು ಕೇದಾರ್ ಗಟ್ಟಿಯಾಗಿ ಓದಿದರು. 'ನನ್ ಮಗ್ಳು' ಅನ್ನುವ ಜಾಗಕ್ಕೆ ಬಂದಾಗ ನಿಲ್ಲಿಸಿ ಅಂದೆ. ಇನ್ನೊಂದು ಸಲ ಓದಿಸಿದೆ. ಮದುವೆಯಾದಮೇಲೆ ಬೂವನಹಳ್ಳಿಯ ದೊಡ್ಡಪ್ಪನ ಮನೆಯವರು ನನ್ನ ಹೆಸರು ಬಂದರೆ 'ಅರಕಲಗೂಡಿನೋಳು' ಅಂತಾರಂತೆ. ಊರ ಮುಂದೆ, ಬೀದಿಯವರ ಮುಂದೆ, ಅಪ್ಪನ ಮುಂದೆ ನೀನು ಮಗಳು ಅಂದೆ. 'ನನ್ನಳಿಯ' ಅನ್ನುವುದನ್ನು ಓದುವಾಗ ಇವರು ಕಾಗದ ಕೆಳಗಿಟ್ಟು ನೀರು ಕುಡಿದು ಬಂದರು.

ನಾವು ಸಂಕ್ರಾಂತಿ ಆದಮೇಲೆ ಹೊಳೆನರಸೀಪುರಕ್ಕೆ, ಅತ್ತೆಯ ಮನೆಯ ಹೊರಗಿನ ಕೋಣೆಗೆ ಹೋಗೋಣ ಅಂತ ಯೋಚಿಸಿದ್ದೇವೆ. ಅತ್ತೆ ಕನಕಲಕ್ಷ್ಮಮ್ಮನವರೇ ಬನ್ನಿ ಅಂದಿದ್ದಾರೆ. ಅಡಿಗೆ ಬೇರೆ, ನೀರು ಬೇರೆ, ಆದರೆ ಬನ್ನಿ ಅಂದಿದ್ದಾರೆ. ಹಾಸನದಿಂದ ಇನ್ನೂ ದೂರವೇನಲ್ಲ, ಹತ್ತಿರವೂ ಅಲ್ಲ.

ನಿನ್ನ ಮೇಲೆ ಬೇಸರವಿಲ್ಲ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ, ಅಷ್ಟೆ.

ನಿಸರ್ಗ


ಹಾಸನ
16 ಜನವರಿ 2003

ನಿಸರ್ಗಳಿಗೆ,

ಸಾಮಾನು ಕಟ್ಟಿದ್ದರೆ ಹೊಳೆನರಸೀಪುರಕ್ಕೆ ಕಳಿಸಬೇಡ. ಯಾಕೆ ಅಂತ ಹೇಳುತ್ತೇನೆ, ನಿಧಾನವಾಗಿ ಓದು. ನಾನೂ ನಿಧಾನವಾಗಿ ಬರೆಯುತ್ತಿದ್ದೇನೆ.

ಸಭೆಯಾದಾಗಿನಿಂದ ನಿಮ್ಮಪ್ಪ ನನ್ನ ಜೊತೆ ಲೆಕ್ಕಕ್ಕೆ ಬೇಕಾದಷ್ಟೇ ಮಾತು. ಉಪ್ಪು ಕಮ್ಮಿ, ಟೀವಿ ಆರ್ಸು, ಅಷ್ಟು. ಎರಡು ಸಭೆಗಳಾದವು, ಹಿಂದಿನ ಬೆಂಚಿಗೆ ಬರಲಿಲ್ಲ. ನಾನೇ ಓದಿಕೊಂಡು ಹೋಗಿ ನಾನೇ ಕೈ ಎತ್ತಿ ಬಂದೆ.

ಸಂಕ್ರಾಂತಿಯ ದಿನ ಸಂಜೆ ದಾಕ್ಷಾಯಣಮ್ಮ ಎಳ್ಳು ಬೀರಲು ಬಂದರು. ನನಗೆ ಕೊಟ್ಟು ಹೋಗುವುದು ಬಿಟ್ಟು ಜಗಲಿಯಲ್ಲಿ ಪೇಪರು ಓದುತ್ತಿದ್ದ ನಿಮ್ಮಪ್ಪನ ಎದುರಿಗೆ ಹೋಗಿ ಕೂತರು. 'ರಾಮಣ್ಣನೋರೇ, ನಮ್ಮ ಮನೆ ಹಿಂದಿನ ಭಾಗ ಖಾಲಿ ಇದೆ. ನಿಮ್ಮ ಮಗಳು ಅಳಿಯಂಗೆ ಬಾಡಿಗೆಗೆ ಕೊಡೋಣ ಅಂತಿದೀನಿ. ಮನೆ ಸಿಗದೆ ಅಲೀತಿದಾರಂತೆ. ನನ್ನ ಬಿಸಿಲು ಉಳಿಸೋಕೆ ಹೋಗಿ ಮನೆ ಕಳ್ಕೊಂಡೋರು ಅವರು. ನೀವು ಬೇಡ ಅನ್ಬಾರದು' ಅಂದರು. ಎಳ್ಳು ಅವರ ಮುಂದಿಟ್ಟು, 'ಮಗೂಗೆ ಏನ್ ಬೇಯಿಸ್ತಾರೋ ಬೇಯಿಸ್ಕೊಳ್ಳಲಿ. ನನಗೆ ಮೂಗು ಅಷ್ಟು ಚುರುಕಿಲ್ಲ' ಅಂದರು. ಅವರ ಮೂಗು ಇಡೀ ಬೀದಿಗೇ ಗೊತ್ತು.

ನಿಮ್ಮಪ್ಪ ಪೇಪರು ಮಡಚಿದರು. ಮುಖ ಕೆಂಪಗಾಯಿತು. ನಾನು ಬಾಗಿಲ ಸಂದಿಯಲ್ಲೇ ನಿಂತಿದ್ದೆ. 'ನನ್ ಮಗ್ಳು ಕಂಡೋರ್ ಮನೇಲಿ ಬಾಡ್ಗೆಗಿರೋ ಗತಿ ಬಂದಿಲ್ಲ ಕಣಮ್ಮ' ಅಂದರು. ಆ ಮಾತು ಬಾಯಿಂದ ಬಂದಮೇಲೆ ಅವರೇ ಅದನ್ನು ಒಂದು ಗಳಿಗೆ ಕೇಳಿಸಿಕೊಂಡ ಹಾಗೆ ಕೂತರು. 'ಮ್ಯಾಲ್ಗಡೆ ಮನೆ ಯಾತಕ್ಕೈತೆ?'

'ಅಲ್ಲಿ ಬಿತ್ತನೆ ಗೆಡ್ಡೆ ಮೂಟೆ ಐತಲ್ಲ' ಅಂದೆ ಒಳಗಿನಿಂದ.

'ಗೆಡ್ಡೆಗ್ಯಾಕೆ ಮನೆ? ಮಂಡಿಗೆ ಸಾಗಸ್ತೀನಿ' ಅಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ದಾಕ್ಷಾಯಣಮ್ಮ ಸೆರಗು ಕೊಡವಿಕೊಂಡು, 'ಹಂಗಾದ್ರೆ ನನ್ನ ಮನೆ ಬೇಡ ಅನ್ನಿ. ಆಗಲಿ' ಅಂತ ಹೊರಟರು. ಸೋತವರ ಹಾಗೆ ಕಾಣಲಿಲ್ಲ.

ಎರಡು ದಿನದಿಂದ ಮೇಲಿನ ಮನೆ ತೊಳೆಯುತ್ತಿದ್ದೇನೆ. ಗೆಡ್ಡೆಯ ವಾಸನೆ ಇನ್ನೂ ಸ್ವಲ್ಪ ಇದೆ. ಬರುವ ಭಾನುವಾರ ಮಂಡಿಯ ಲಾರಿ ತೆಗೆದುಕೊಂಡು ನಿಮ್ಮಪ್ಪನೇ ಬರುತ್ತಾರೆ. ಯಾರನ್ನಾದರೂ ಕಳಿಸಿ ಅಂದೆ. 'ಯಾಕೆ, ನಂಗೆ ದಾರಿ ಗೊತ್ತಿಲ್ವಾ?' ಅಂದರು. ಮೂರು ವರ್ಷದಿಂದ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ನೀನೂ ಅಳಿಯಂದಿರೂ ಒಪ್ಪಿದರೆ ಬನ್ನಿ. ಒಪ್ಪದಿದ್ದರೆ ಲಾರಿಯನ್ನು ಖಾಲಿ ಕಳಿಸು, ಅದಕ್ಕೂ ನಿನಗೆ ಹಕ್ಕಿದೆ. ಅವರು ಬಂದು ಬಾಗಿಲಲ್ಲಿ ನಿಂತರೆ ಏನೂ ಹೇಳುವುದಿಲ್ಲ. ಹೇಳಲು ಬರುವುದಿಲ್ಲ ಅವರಿಗೆ. ನೀನೂ ಏನೂ ಕೇಳಬೇಡ. ಕೈಕಾಲು ತೊಳೆಯಲು ನೀರು ಕೊಡು.

ಅವ್ವ


ಅರಕಲಗೂಡು
19 ಜನವರಿ 2003, ಭಾನುವಾರ

ಅವ್ವ,

ಇದನ್ನು ಅಂಚೆಗೆ ಹಾಕುವುದಿಲ್ಲ, ಸಂಜೆ ನಿನ್ನ ಕೈಗೇ ಕೊಡುತ್ತೇನೆ. ಎದುರಿಗೆ ನಿಂತು ಹೇಳಲು ಹೋದರೆ ಇಬ್ಬರೂ ಅತ್ತು ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆಯೇ ಬಂದುಬಿಟ್ಟರು. ಲಾರಿ ಬೀದಿಯ ತುದಿಯಲ್ಲಿ ನಿಂತ ಶಬ್ದ ಕೇಳಿತು. ನಾನು ಒಳಗೆ ಪಾತ್ರೆಗೆ ಹಗ್ಗ ಬಿಗಿಯುತ್ತಿದ್ದೆ. ನೀರು ಕೊಡು ಅಂದಿದ್ದೆಯಲ್ಲ, ತಂಬಿಗೆ ತುಂಬಿ ಬಾಗಿಲಲ್ಲೇ ಇಟ್ಟಿದ್ದೆ. ಹಗ್ಗದ ಗಂಟು ಹಾಕಿ ಏಳುವಷ್ಟರಲ್ಲಿ ಗೌರಿ ಹೋಗಿ ಹೊಸ್ತಿಲಲ್ಲಿ ನಿಂತಳು.

ಅಪ್ಪ ಮೆಟ್ಟಿಲ ಕೆಳಗೇ ನಿಂತಿದ್ದರು. ಕೂದಲು ಎಷ್ಟು ಬೆಳ್ಳಗಾಗಿದೆ ಅವ್ವ, ನೀನು ಬರೆದೇ ಇಲ್ಲ. ಇವಳು ತಲೆ ಎತ್ತಿ, 'ಯಾರು?' ಅಂದಳು. ಕೇದಾರ್ ಏನೋ ಹೇಳಲು ಹೋದರು, ಅಪ್ಪ ಕೈ ಅಡ್ಡ ಮಾಡಿದರು. ಅಷ್ಟು ದೊಡ್ಡ ಆಳು, ಮಂಡಿಯಲ್ಲಿ ಕೂಗಿದರೆ ಲಾರಿಗಳು ಹಿಂದೆ ಸರಿಯುತ್ತವೆ, ಅವರು ಟವೆಲ್ ಕೈಯಲ್ಲಿ ಹಿಡಿದು ಇವಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತರು.

'ನಾನಾ? ನಾನು ಕೌನ್ಸಿಲರ್ ನಂಜಮ್ಮೋರ ಗಂಡ ಕಣವ್ವ' ಅಂದರು.

ಈಗ ಲಾರಿಗೆ ಸಾಮಾನು ಹೇರುತ್ತಿದ್ದಾರೆ, ಮಂಚದ ಒಂದು ಕಡೆ ಅವರು, ಇನ್ನೊಂದು ಕಡೆ ಕೇದಾರ್.

ನಿಸರ್ಗ